ಈ ವರ್ಷ ಶಾಲೆಗೆ ಯಾವ ಗುರಿ? ಓದು, ಹಾಜರಾತಿ, ದಾಖಲಾತಿ, ಕಟ್ಟಡ ತೂಗಿ ನೋಡುವ ಬಗೆ

"ಓದು ಹಿಡಿಯೋಣವಾ, ಇಂಗ್ಲಿಷ್ ಮಾಧ್ಯಮ ತರೋಣವಾ, ಮೊದಲು ಸೋರುವ ಮಾಡು ಸರಿ ಮಾಡೋಣವಾ?" ಮೇ ತಿಂಗಳಲ್ಲಿ ಉಡುಪಿ, ಮಂಗಳೂರು ಕಡೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಪ್ರಾಥಮಿಕ ಶಾಲೆಯ ಟೀಚರುಗಳು ಕೇಳುವ ಪ್ರಶ್ನೆ ಇದು. ಎಲ್ಲವೂ ಬೇಕು, ನಿಜ. ಆದರೆ ಎಲ್ಲವನ್ನೂ ಬರೆದರೆ ಹಾಳೆ ತುಂಬುತ್ತದೆ, ಅಷ್ಟೇ. ಹತ್ತು ಹನ್ನೆರಡು ಗುರಿ ಬರೆದ ಯೋಜನೆ ಕಪಾಟು ಸೇರುತ್ತದೆ. ಮುಂದಿನ ವರ್ಷ ಇಸವಿ ತಿದ್ದಿ ಅದನ್ನೇ ಮತ್ತೆ ಕೊಡುವ ಶಾಲೆಗಳೂ ಇವೆ.

ಇಷ್ಟೇ ಗುರಿ ಇರಬೇಕು ಎಂದು ಕಾನೂನು ಹೇಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು, ಆ ಸಮಿತಿಯೇ ಶಾಲಾಭಿವೃದ್ಧಿ ಯೋಜನೆ ಮಾಡಬೇಕು. ಯಾವುದು ಮೊದಲು ಎಂದು ತೀರ್ಮಾನಿಸುವುದು ನಿಮಗೆ ಬಿಟ್ಟದ್ದು. ನಾನು ಹೇಳುವುದು ಇಷ್ಟು: ಒಂದು ದೊಡ್ಡ ಗುರಿ ಇಟ್ಟುಕೊಳ್ಳಿ, ಅದರ ಪಕ್ಕ ಒಂದು ಸಣ್ಣದು. ಮೂರನೆಯದು ಬೇಡ.

ಮೊದಲು ಅಳತೆ

ಯಾವ ಗುರಿ ಬಂದರೂ ಅದಕ್ಕೆ ಈ ಪ್ರಶ್ನೆಗಳನ್ನು ಹಾಕಿ.

ಅದು ನಮ್ಮ ಕೈಯಲ್ಲಿದೆಯಾ? ಮಕ್ಕಳಿಗೆ ಓದಲು ಕಲಿಸುವುದು ಟೀಚರ ಕೈಯಲ್ಲಿದೆ. ಹೊಸ ಕೊಠಡಿ ಮಂಜೂರಾಗುವುದು ಬೇರೆಯವರ ಕೈಯಲ್ಲಿದೆ. ಬೇರೆಯವರ ಕೈಯಲ್ಲಿರುವುದನ್ನು ಬೇಡಿಕೆ ಪಟ್ಟಿಗೆ ಸೇರಿಸಿ, ಗುರಿಯ ಪಟ್ಟಿಗೆ ಬೇಡ.

ದುಡ್ಡಿಲ್ಲದೆ ಅಳೆಯಬಹುದಾ? "ಶಿಕ್ಷಣದ ಗುಣಮಟ್ಟ ಹೆಚ್ಚಿಸುವುದು" ಎಂದು ಬರೆದರೆ ಮಾರ್ಚ್‌ನಲ್ಲಿ ಆಯ್ತು ಅಂತಲೂ ಹೇಳಬಹುದು, ಆಗಲಿಲ್ಲ ಅಂತಲೂ ಹೇಳಬಹುದು.

ಎಷ್ಟು ದಿನ ಸಿಗುತ್ತದೆ? ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200, ಆರರಿಂದ ಎಂಟಕ್ಕೆ 220 ಕೆಲಸದ ದಿನ ಬೇಕು ಎಂದು ಕಾಯಿದೆ ಹೇಳುತ್ತದೆ. ನಮ್ಮಲ್ಲಿ ಜೂನ್, ಜುಲೈ ಅಂದರೆ ಮಳೆ ರಜೆ. ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ, ಆಮೇಲೆ ಶನಿವಾರ ಪೂರ್ತಿ ಶಾಲೆ ಮಾಡಿ ಸರಿದೂಗಿಸಬೇಕು. ಶನಿವಾರ ಮಧ್ಯಾಹ್ನದ ಕಲಿಕೆ ಹೇಗಿರುತ್ತದೆ ಎಂದು ಟೀಚರುಗಳಿಗೆ ಗೊತ್ತು. ನಡುವೆ ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಶಾರದಾ ಪೂಜೆ, ವಾರ್ಷಿಕೋತ್ಸವ. ಮೇಲೆ ಚುನಾವಣೆ, ಗಣತಿ ಕೆಲಸ. 2025ರಲ್ಲಿ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಿದ್ದು ನೆನಪಿದೆಯಲ್ಲ? ಹಾಗಾಗಿ 200 ದಿನ ಇದೆ ಎಂದು ಗುರಿ ಬರೆಯಬೇಡಿ. ಅದರಲ್ಲಿ ಮುಕ್ಕಾಲು ಪಾಲು ಸಿಕ್ಕರೆ ಸಾಕು ಎಂಬಂತೆ ಬರೆಯಿರಿ.

ಯಾರ ದುಡ್ಡು? ಸಮಗ್ರ ಶಿಕ್ಷಣ ಎಂಬ ಕೇಂದ್ರ ಯೋಜನೆಯ ಮಾರ್ಗಸೂಚಿಯಂತೆ ಸರ್ಕಾರಿ ಶಾಲೆಗೆ ಬರುವ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. 30 ಮಕ್ಕಳವರೆಗೆ 10,000 ರೂಪಾಯಿ, 31ರಿಂದ 100ರವರೆಗೆ 25,000, 250ರವರೆಗೆ 50,000. ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಹೋಗಬೇಕು. ಸೀಮೆಸುಣ್ಣ, ಕರೆಂಟ್ ಬಿಲ್ಲು, ಸಣ್ಣ ರಿಪೇರಿ ಮುಗಿದ ಮೇಲೆ ಏನು ಉಳಿಯುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಕೊನೆಯದು, ಹೆಡ್ಮಾಷ್ಟ್ರು ವರ್ಗಾವಣೆಯಾಗಿ ಹೋದರೆ ಇದು ಉಳಿಯುತ್ತದಾ? ಒಬ್ಬರ ಉತ್ಸಾಹದ ಮೇಲೆ ನಿಂತ ಗುರಿ ಅವರ ಜೊತೆಗೇ ಬಸ್ಸು ಹತ್ತುತ್ತದೆ.

ಓದು

ಮೂರರಿಂದ ಐದನೇ ತರಗತಿಯ ಎಲ್ಲ ಮಕ್ಕಳೂ ಎರಡನೇ ತರಗತಿಯ ಮಟ್ಟದ ಒಂದು ಕಥೆಯನ್ನು ಓದಿ ಅರ್ಥ ಹೇಳಬೇಕು. ಮೇಲಿನ ಪ್ರಶ್ನೆಗಳಲ್ಲಿ ಹೆಚ್ಚಿನದಕ್ಕೆ ಸರಿಯಾಗಿ ಹೊಂದುವ ಗುರಿ ಇದು. ಹೆಚ್ಚಿನ ಶಾಲೆಗಳು ಇದನ್ನೇ ದೊಡ್ಡ ಗುರಿ ಮಾಡಿಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ.

ಕಾರಣ ಸರಳ. ಓದಲು ಬಾರದ ಮಗುವಿಗೆ ಪರಿಸರ ಅಧ್ಯಯನವೂ ಇಲ್ಲ, ಗಣಿತದ ವಾಕ್ಯದ ಲೆಕ್ಕವೂ ಇಲ್ಲ. 2021ರ ಜುಲೈನಲ್ಲಿ ಶುರುವಾದ ಕೇಂದ್ರದ ನಿಪುಣ್ ಭಾರತ್ ಯೋಜನೆಯೂ 2026-27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೆ ಅರ್ಥ ಮಾಡಿಕೊಂಡು ಓದುವುದು, ಮೂಲ ಗಣಿತ ಬರಬೇಕು ಎನ್ನುತ್ತದೆ. ಅದರ ಲೆಕ್ಕದಲ್ಲಿ ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕು. ಕನ್ನಡಕ್ಕೆ ಈ ವೇಗವನ್ನು ತೀರಾ ಬಿಗಿಯಾಗಿ ಹಿಡಿಯಬೇಡಿ. "ಅಜ್ಜಿಮನೆಯಿಂದಲೇ" ಎಂಬಂಥ ಉದ್ದ ಪದಗಳು ನಮ್ಮಲ್ಲಿ ಬೇಕಾದಷ್ಟಿವೆ. ಗಡಿಯಾರಕ್ಕಿಂತ ಅರ್ಥಕ್ಕೆ ಜಾಸ್ತಿ ಬೆಲೆ ಕೊಡಿ.

ಅಳೆಯುವುದು ಸುಲಭ. ಒಂದು ಹಾಳೆಯಲ್ಲಿ ಅಕ್ಷರ, ಇನ್ನೊಂದರಲ್ಲಿ ಪದ, ಮತ್ತೊಂದರಲ್ಲಿ ನಾಲ್ಕು ಸಾಲು, ಕೊನೆಯದರಲ್ಲಿ ಸಣ್ಣ ಕಥೆ. ಮಗುವನ್ನು ಒಬ್ಬೊಬ್ಬರಾಗಿ ಕೂರಿಸಿ ಓದಿಸಿ, ಎಲ್ಲಿ ನಿಲ್ಲುತ್ತದೋ ಅದನ್ನು ಬರೆದುಕೊಳ್ಳಿ. ಹಳ್ಳಿ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯವರು ಮನೆ ಮನೆಗೆ ಹೋಗಿ ಮಾಡುವುದೂ ಹೆಚ್ಚು ಕಡಿಮೆ ಇದನ್ನೇ. ಒಂದು ಮಗುವಿಗೆ ಐದು ನಿಮಿಷ ಸಾಕು. ಜೂನ್ ಎರಡನೇ ವಾರ ಒಮ್ಮೆ, ದಸರಾ ರಜೆಗೆ ಮೊದಲು ಒಮ್ಮೆ, ಜನವರಿಯಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ.

ನಮ್ಮ ಕರಾವಳಿಯಲ್ಲಿ ಇಲ್ಲೊಂದು ತೊಡಕಿದೆ. ಮಗುವಿನ ಮನೆಮಾತು ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡ ಇರಬಹುದು. ಅಕ್ಷರ ಕೂಡಿಸಿ ಕನ್ನಡವನ್ನು ಪಟಪಟ ಓದುವ, ಆದರೆ ಕಥೆಯಲ್ಲಿ ಏನಾಯ್ತು ಎಂದು ಕೇಳಿದರೆ ಸುಮ್ನೆ ಕೂರುವ ಮಕ್ಕಳಿದ್ದಾರೆ. ಅರ್ಥ ಕೇಳುವಾಗ ಮಗು ತುಳುವಿನಲ್ಲೋ ಬ್ಯಾರಿಯಲ್ಲೋ ಹೇಳಿದರೂ ಸರಿ ಎಂದೇ ಗುರುತು ಹಾಕಿ. ಆಗ ಓದು ಬರುವುದಿಲ್ಲವೋ, ಕನ್ನಡದಲ್ಲಿ ಹೇಳಲು ಬರುವುದಿಲ್ಲವೋ ಎಂಬುದು ಬೇರೆಬೇರೆಯಾಗಿ ಕಾಣುತ್ತದೆ. ಎರಡಕ್ಕೂ ಮದ್ದು ಬೇರೆ.

ಕೆಲಸ ಹೀಗೆ: ದಿನಕ್ಕೆ ಒಂದು ಗಂಟೆ ಮೂರು, ನಾಲ್ಕು, ಐದನೇ ತರಗತಿಯ ಮಕ್ಕಳನ್ನು ತರಗತಿ ಬಿಟ್ಟು ಓದಿನ ಮಟ್ಟದ ಮೇಲೆ ಗುಂಪು ಮಾಡಿ. ಅಕ್ಷರದ ಗುಂಪು, ಪದದ ಗುಂಪು, ಕಥೆಯ ಗುಂಪು. ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿಯಲ್ಲಿ ಒಂದರಿಂದ ಮೂರು ಒಟ್ಟಿಗೆ ಕೂತು ಕಲಿತ ಮಕ್ಕಳಿಗೆ ಇದು ಹೊಸತಲ್ಲ. ಪುಸ್ತಕಕ್ಕೆ ದುಡ್ಡಿಲ್ಲದಿದ್ದರೆ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ. ಹಳ್ಳಿ ಶಾಲೆಯಾದರೆ ಪಂಚಾಯತ್ ಗ್ರಂಥಾಲಯ ಇದೆ. 2020ರಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡುತ್ತಾರೆ. ಸಮಗ್ರ ಶಿಕ್ಷಣದ ಗ್ರಂಥಾಲಯ ಅನುದಾನ ಐದನೇ ತರಗತಿವರೆಗಿನ ಶಾಲೆಗೆ ಹೆಚ್ಚೆಂದರೆ 5,000 ರೂಪಾಯಿ. ಅದು ಬಂದರೆ ದಪ್ಪ ನೀತಿಕಥೆಗಳ ಸಂಪುಟ ತರಬೇಡಿ. ಹದಿನಾರು ಪುಟದ, ಚಿತ್ರ ಜಾಸ್ತಿ ಇರುವ ಪುಸ್ತಕ ತನ್ನಿ.

ಬಿಡಬೇಕಾದದ್ದು ಏನು? ಆ ಒಂದು ಗಂಟೆ ಎಲ್ಲಿಂದಲೋ ಬರಬೇಕು. ಪಾಠ ಹಿಂದೆ ಬೀಳುತ್ತದೆ, ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ "ಪಾಠ ಎಲ್ಲಿಗೆ ಬಂತು?" ಎಂದು ಕೇಳಬಹುದು. ಅದಕ್ಕೇ ಜೂನ್‌ನಲ್ಲೇ ಅವರಿಗೆ ಗುರಿಯ ಹಾಳೆ ಕೊಟ್ಟಿರಿ. ಇನ್ನೊಂದು ನಷ್ಟವೂ ಇದೆ: ಊರಿಗೆ ಕಾಣುವುದಿಲ್ಲ. ಹದಿನಾಲ್ಕು ಮಕ್ಕಳು ಓದಲು ಕಲಿತರು ಎಂದು ಯಾರೂ ಬ್ಯಾನರ್ ಹಾಕುವುದಿಲ್ಲ.

ಗಣಿತ

ಓದಿಗೆ ಹೇಳಿದ್ದೆಲ್ಲ ಇದಕ್ಕೂ ಸಲ್ಲುತ್ತದೆ. ದಶಕ ಪಡೆದು ಕಳೆಯುವ ಲೆಕ್ಕ, ಸರಳ ಭಾಗಾಕಾರ, ಇವೆರಡನ್ನು ಅಳತೆಗೆ ಇಟ್ಟುಕೊಂಡರೆ ಸಾಕು. ಆದರೆ ಓದು ಮತ್ತು ಗಣಿತ ಎರಡನ್ನೂ ಒಂದೇ ವರ್ಷ ದೊಡ್ಡ ಗುರಿ ಮಾಡಬೇಡಿ, ಇಬ್ಬರೇ ಟೀಚರಿದ್ದರಂತೂ ಬೇಡವೇ ಬೇಡ. ಜೂನ್ ಪರೀಕ್ಷೆಯಲ್ಲಿ ಮುಕ್ಕಾಲು ಪಾಲು ಮಕ್ಕಳು ಕಥೆ ಓದಿದರೆ ಗಣಿತಕ್ಕೆ ಹೋಗಿ.

ಹಾಜರಾತಿ

ಖರ್ಚು ಸೊನ್ನೆ, ಅಳತೆ ದಿನವೂ ಪುಸ್ತಕದಲ್ಲಿ ಬರುತ್ತದೆ. ಆದರೂ ಇದು ಕಾಣುವಷ್ಟು ಸಲೀಸಲ್ಲ.

ಶೇಕಡಾವಾರು ಗುರಿ ಇಡಬೇಡಿ. "ಶೇ 95 ಹಾಜರಾತಿ" ಎಂದು ಬರೆದ ದಿನದಿಂದ ಹಾಜರಿ ಪುಸ್ತಕಕ್ಕೆ ಆಮಿಷ ಶುರು. ಸರಾಸರಿ ಸುಳ್ಳೂ ಹೇಳುತ್ತದೆ. ಐವತ್ತು ಮಕ್ಕಳಲ್ಲಿ ನಲವತ್ತೈದು ಮಂದಿ ದಿನಾ ಬಂದು, ಐದು ಮಂದಿ ತಿಂಗಳ ಅರ್ಧದಷ್ಟು ದಿನಗಳು ಬಾರದಿದ್ದರೂ ಸರಾಸರಿ ಶೇ 95 ಆಗುತ್ತದೆ. ತೊಂದರೆ ಇರುವುದು ಆ ಐದು ಮಕ್ಕಳದ್ದು. ಗುರಿ ಬರೆಯುವುದಾದರೆ ಹೀಗೆ: ತಿಂಗಳಲ್ಲಿ ನಾಲ್ಕು ದಿನಕ್ಕಿಂತ ಜಾಸ್ತಿ ಬಾರದ ಮಕ್ಕಳ ಸಂಖ್ಯೆ ಮಾರ್ಚ್ ಹೊತ್ತಿಗೆ ಅರ್ಧಕ್ಕೆ ಇಳಿಯಬೇಕು.

ಯಾಕೆ ಬರುವುದಿಲ್ಲ ಎಂಬುದು ಶಾಲೆಯಿಂದ ಶಾಲೆಗೆ ಬೇರೆ. ಗುಡ್ಡೆಯ ಆಚೆಯಿಂದ ತೋಡು ದಾಟಿ ಬರುವ ಮಕ್ಕಳಿಗೆ ಆಷಾಢದ ಮಳೆ ಕಾರಣ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ನೇಮ (ದೈವದ ಕೋಲ), ಜಾತ್ರೆ, ಯಕ್ಷಗಾನ. ರಾತ್ರಿ ಇಡೀ ಎಚ್ಚರ ಇದ್ದ ಮಗುವನ್ನು ಬೆಳಿಗ್ಗೆ ಎಬ್ಬಿಸುವವರು ಯಾರು? ಇದನ್ನು ಬೈದು ಪ್ರಯೋಜನ ಇಲ್ಲ. ಊರಿನ ನೇಮದ ತಾರೀಕು ಮೊದಲೇ ಗೊತ್ತಿರುತ್ತದೆ, ಅಲ್ವಾ? ಮುಖ್ಯ ಪಾಠವನ್ನು ಮರುದಿನ ಇಡದಿದ್ದರಾಯಿತು.

ಮಲ್ಪೆ, ಉಳ್ಳಾಲ, ಬೈಕಂಪಾಡಿಯಂಥ ಕಡೆ ಲೆಕ್ಕವೇ ಬೇರೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆ ಹೊತ್ತಿಗೆ ದಕ್ಕೆಯ (ಮೀನುಗಾರಿಕೆ ಬಂದರಿನ) ಕೆಲಸ ನಂಬಿದ ಕುಟುಂಬಗಳು ಊರಿಗೆ ಹೋಗಿರುತ್ತವೆ. ಕಟ್ಟಡ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದವರು ಬಿತ್ತನೆ ಮುಗಿಸಿ ಬರುತ್ತಾರೆ. ಮಕ್ಕಳು ಆಗಸ್ಟ್‌ನಲ್ಲಿ ಬರುತ್ತಾರೆ, ಕೆಲವರು ಬರುವುದೇ ಇಲ್ಲ. ಇಂಥ ಶಾಲೆ ಜೂನ್‌ನ ಸಂಖ್ಯೆ ಹಿಡಿದು ಗುರಿ ಬರೆದರೆ ವರ್ಷವಿಡೀ ತಪ್ಪು ಲೆಕ್ಕ. ಆಗಸ್ಟ್ ಕೊನೆಯಲ್ಲಿ ಬರೆಯಲಿ. ಜೊತೆಗೆ ಹಿಂದಿಯೋ ಬಂಗಾಳಿಯೋ ಮಾತಾಡುವ, ವಯಸ್ಸಿಗೆ ತಕ್ಕಂತೆ ನಾಲ್ಕನೇ ತರಗತಿಗೆ ಸೇರಿದ ಮಗುವಿಗೆ ಕನ್ನಡ ಅಕ್ಷರವೇ ಹೊಸದು. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದು ಕಾಯಿದೆಯ 4ನೇ ಸೆಕ್ಷನ್ ಹೇಳುತ್ತದೆ. ಆ ಮಗುವನ್ನು ಉಳಿದವರ ಅಳತೆಯಲ್ಲಿ ಅಳೆಯಬೇಡಿ, ಪ್ರತ್ಯೇಕ ಪಟ್ಟಿ ಇಡಿ.

ದಾಖಲಾತಿ, ಇಂಗ್ಲಿಷ್ ಮಾಧ್ಯಮ, ವ್ಯಾನು

ಮೀಟಿಂಗಿನಲ್ಲಿ ಜಾಸ್ತಿ ಸ್ವರ ಏರುವುದು ಇಲ್ಲಿ. ಮಕ್ಕಳ ಸಂಖ್ಯೆ ಇಳಿದರೆ ಟೀಚರ ಹುದ್ದೆ ಹೋಗುತ್ತದೆ ಎಂಬ ಭಯ ಸುಳ್ಳಲ್ಲ. ಕಾಯಿದೆಯ ಪ್ರಕಾರ ಐದನೇ ತರಗತಿವರೆಗೆ 60 ಮಕ್ಕಳಿಗೆ ಇಬ್ಬರು ಟೀಚರು, 61 ಆದರೆ ಮೂವರು. 58ರಲ್ಲಿ ನಿಂತ ಶಾಲೆಗೆ ಮೂರು ಮಕ್ಕಳು ಅಂದರೆ ಒಬ್ಬ ಟೀಚರು. ಅಂಥಲ್ಲಿ ದಾಖಲಾತಿಯನ್ನೇ ದೊಡ್ಡ ಗುರಿ ಮಾಡಿದರೆ ತಪ್ಪಿಲ್ಲ. 40ರಲ್ಲಿ ಇದ್ದು 45 ಮಾಡಲು ಹೊರಟರೆ ಮಾತ್ರ ಯೋಚಿಸಿ. ಹುದ್ದೆಯೂ ಬದಲಾಗದು, ಅನುದಾನವೂ ಬದಲಾಗದು, ಮನೆ ಮನೆ ಸುತ್ತಿದ ಸುಸ್ತು ಉಳಿಯುತ್ತದೆ.

ಮಕ್ಕಳು ಬರಬೇಕಾದರೆ ಇಂಗ್ಲಿಷ್ ಮಾಧ್ಯಮ ಬೇಕು ಎನ್ನುತ್ತಾರೆ. 2019-20ರಲ್ಲಿ ಸರ್ಕಾರವೇ ರಾಜ್ಯದ ಸಾವಿರ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮ ಶುರು ಮಾಡಿತು. ಪೋಷಕರ ಆಸೆ ನಿಜವಾದದ್ದು, ಅದನ್ನು ತಮಾಷೆ ಮಾಡಬಾರದು. ಆದರೆ ಕೇಳಿಕೊಳ್ಳಿ: ಪಾಠ ಮಾಡುವವರು ಯಾರು? ಇರುವ ಟೀಚರೇ ಎರಡೂ ಮಾಧ್ಯಮ ನೋಡುವುದಾದರೆ ಹೊಸ ವಿಭಾಗ ಅನ್ನುವುದು ಬೋರ್ಡಿನಲ್ಲಿ ಮಾತ್ರ. ಮನೆಯಲ್ಲಿ ತುಳು, ಆಟದಲ್ಲಿ ತುಳು, ಶಾಲೆಯಲ್ಲಿ ಕನ್ನಡ ಇನ್ನೂ ಕುದುರದ ಮಗುವಿಗೆ ಇನ್ನೊಂದು ಲಿಪಿಯೂ ಸೇರುತ್ತದೆ. ಒಂದನೇ ತರಗತಿಗೆ ಅದಕ್ಕೇ ಅಂತ ಒಬ್ಬ ಟೀಚರು ಸಿಕ್ಕರೆ, ಕನಿಷ್ಠ ಮೂರು ವರ್ಷ ಅವರ ಸಂಬಳಕ್ಕೆ ದಾರಿ ಇದ್ದರೆ ಮುಂದುವರಿಯಿರಿ. ಇಲ್ಲದಿದ್ದರೆ ಈಗಾಗಲೇ ಒಂದನೇ ತರಗತಿಯಿಂದ ಇರುವ ಇಂಗ್ಲಿಷ್ ವಿಷಯವನ್ನೇ ಮಾತಾಡುವ ಮಟ್ಟಕ್ಕೆ ಗಟ್ಟಿ ಮಾಡಿ, ಅದನ್ನು ಊರಿಗೆ ತೋರಿಸಿ.

ಎಲ್‌ಕೆಜಿ, ಯುಕೆಜಿ ಶುರು ಮಾಡುವುದೂ ಒಂದು ದಾರಿ. ಪಕ್ಕದ ಅಂಗನವಾಡಿ ಖಾಲಿಯಾಗುತ್ತದೆ ಎಂಬ ಜಗಳಕ್ಕೆ ತಯಾರಿರಿ.

ವ್ಯಾನು ಕೊಟ್ಟವರ ಹೆಸರು ವ್ಯಾನಿನ ಮೇಲೆ ಇರುತ್ತದೆ. ಡೀಸೆಲ್, ಇನ್ಶೂರೆನ್ಸ್, ಡ್ರೈವರ್ ಸಂಬಳ ಎಸ್‌ಡಿಎಂಸಿ ಮೇಲೆ ಇರುತ್ತದೆ. ಕೊಡುಗೆ ಸ್ವೀಕರಿಸುವ ಮೊದಲು ಐದು ವರ್ಷದ ಓಡಿಸುವ ಖರ್ಚು ಯಾರದ್ದು ಎಂದು ಬರೆಸಿಕೊಳ್ಳಿ.

ಕಟ್ಟಡ, ಶೌಚಾಲಯ, ಸ್ಮಾರ್ಟ್ ಕ್ಲಾಸು

ಹರೇಕಳ ಹಾಜಬ್ಬರು ಕಿತ್ತಳೆ ಮಾರಿ ಉಳಿಸಿದ ದುಡ್ಡಿನಿಂದ ನ್ಯೂಪಡ್ಪುವಿನಲ್ಲಿ ಶಾಲೆ ಎದ್ದು ನಿಂತದ್ದು, ಅವರಿಗೆ 2020ರ ಪದ್ಮಶ್ರೀ ಬಂದದ್ದು ನಮಗೆಲ್ಲ ಹೆಮ್ಮೆ. ಅಲ್ಲಿ ಕಟ್ಟಡ ಮೊದಲ ಗುರಿ ಆಗಲೇಬೇಕಿತ್ತು, ಯಾಕೆಂದರೆ ಶಾಲೆಯೇ ಇರಲಿಲ್ಲ. ನಿಮ್ಮಲ್ಲಿ ಗೋಡೆ, ಮಾಡು, ನೀರು ಇದ್ದರೆ ಲೆಕ್ಕ ಬೇರೆ.

ಒಂದು ವಿಷಯದಲ್ಲಿ ಮಾತ್ರ ಚೌಕಾಶಿ ಇಲ್ಲ. ಹುಡುಗಿಯರಿಗೆ ಬಾಗಿಲು ಹಾಕುವ, ನೀರು ಬರುವ ಶೌಚಾಲಯ ಇಲ್ಲದಿದ್ದರೆ, ಅಥವಾ ಗೋಡೆ ಬೀಳುವಂತಿದ್ದರೆ, ಉಳಿದದ್ದೆಲ್ಲ ಆಮೇಲೆ. ಕಾಯಿದೆಯೇ ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಆವರಣ ಗೋಡೆ ಕೇಳುತ್ತದೆ. ಆವರಣ ಗೋಡೆ, ಶೌಚಾಲಯ, ಮಳೆನೀರು ಇಂಗುವ ಗುಂಡಿಯಂಥ ಕೆಲಸ ಉದ್ಯೋಗ ಖಾತ್ರಿಯಲ್ಲಿ ಮಾಡಿಸಿಕೊಂಡ ಶಾಲೆಗಳಿವೆ. ಪಂಚಾಯತಿನ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ಕೇಳಿದರೆ ಬೇಗ ಆಗುತ್ತದೆ.

ಕಟ್ಟಡದ ಗುರಿಗೆ ನಮ್ಮ ಹವೆಯೇ ಅಡ್ಡಿ. ಹಂಚು ತೆಗೆದು ಹಾಕುವುದು, ಕೆಂಪುಕಲ್ಲಿನ ಕೆಲಸ, ಎಲ್ಲ ಮಳೆ ನಿಂತ ಮೇಲೆ. ಜೂನ್‌ನಲ್ಲಿ ಬರೆದ ಕಟ್ಟಡದ ಗುರಿ ಡಿಸೆಂಬರ್‌ವರೆಗೆ ನಿದ್ದೆ ಮಾಡುತ್ತದೆ. ಅದಕ್ಕೆ ದುಡ್ಡು ಕೂಡಿಸುವ ಕೆಲಸವನ್ನು ಮಳೆಗಾಲದಲ್ಲಿ ಇಟ್ಟುಕೊಂಡು, ಕಾಮಗಾರಿಯನ್ನು ಏಪ್ರಿಲ್, ಮೇಗೆ ಬರೆಯಿರಿ.

ದಾನಿಗಳ ವಿಷಯ. ನೂರು ವರ್ಷ ದಾಟಿದ ಶಾಲೆಗಳು ನಮ್ಮಲ್ಲಿ ಎಷ್ಟೋ ಇವೆ, ಮುಂಬೈಯಲ್ಲೂ ಗಲ್ಫ್‌ನಲ್ಲೂ ಅವುಗಳ ಹಳೆ ವಿದ್ಯಾರ್ಥಿಗಳಿದ್ದಾರೆ. ಶತಮಾನೋತ್ಸವ ಬಂದರೆ ಮಹಾದ್ವಾರ, ರಂಗಮಂಟಪ, ಧ್ವಜಸ್ತಂಭ. ಕಲ್ಲಿನ ಮೇಲೆ ಹೆಸರು ಬರುತ್ತದೆ ನೋಡಿ. ಅವರನ್ನು ದೂರುವುದಲ್ಲ, ನಾವು ಕೇಳಿದ್ದನ್ನೇ ಅವರು ಕೊಡುತ್ತಾರೆ. ಒಬ್ಬ ಗೌರವ ಶಿಕ್ಷಕಿಯ ಒಂದು ವರ್ಷದ ಸಂಬಳ ಎಷ್ಟು, ನೂರು ಕಥೆಪುಸ್ತಕಕ್ಕೆ ಎಷ್ಟು ಎಂದು ಹಾಳೆಯಲ್ಲಿ ಬರೆದು ಮುಂದಿಡಿ. ಕೊಡುವವರು ಇದ್ದಾರೆ.

ಸ್ಮಾರ್ಟ್ ಕ್ಲಾಸು ಯಾರಾದರೂ ಸುಮ್ನೆ ಕೊಟ್ಟರೆ ತೆಗೆದುಕೊಳ್ಳಿ. ಗುರಿ ಮಾಡಬೇಡಿ. ಸಿಡಿಲಿಗೆ ಸುಟ್ಟರೆ ರಿಪೇರಿಗೆ ಯಾರೂ ಇರುವುದಿಲ್ಲ.

ಪ್ರತಿಭಾ ಕಾರಂಜಿಯ ಬಹುಮಾನವೂ ಹಾಗೆಯೇ. ಪ್ರತಿ ವರ್ಷ ಅದೇ ಆರು ಮಕ್ಕಳು ಅಭ್ಯಾಸ ಮಾಡುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ.

ನಿಮ್ಮ ಶಾಲೆ ಯಾವುದು?

ಕಾರ್ಕಳ, ಬೆಳ್ತಂಗಡಿ ಕಡೆಯ ಇಬ್ಬರು ಟೀಚರ ಶಾಲೆ, ಮಕ್ಕಳು ಮೂವತ್ತೋ ನಲವತ್ತೋ, ಕೈಯಲ್ಲಿ ದುಡ್ಡಿಲ್ಲ: ಓದು ದೊಡ್ಡ ಗುರಿ, ಬಾರದ ಮಕ್ಕಳ ಪಟ್ಟಿ ಸಣ್ಣ ಗುರಿ. ಒಬ್ಬರು ನಲಿಕಲಿ, ಒಬ್ಬರು ಮೇಲಿನ ಮಕ್ಕಳು. ಒಬ್ಬರು ಮೀಟಿಂಗಿಗೆ ಹೋದ ದಿನ ಓದಿನ ಗಂಟೆ ತಪ್ಪದಂತೆ ದೊಡ್ಡ ಮಕ್ಕಳು ಚಿಕ್ಕವರಿಗೆ ಓದಿ ಹೇಳುವ ವ್ಯವಸ್ಥೆ ಇರಲಿ.

ವಲಸೆ ಮಕ್ಕಳು ಜಾಸ್ತಿ ಇರುವ ನಗರದ, ದಕ್ಕೆ ಬದಿಯ ಶಾಲೆ: ಹಾಜರಾತಿ ದೊಡ್ಡದು, ಹೊಸಬರಿಗೆ ಕನ್ನಡ ಮಾತು ಮತ್ತು ಅಕ್ಷರ ಸಣ್ಣದು. ದುಡ್ಡು ಇದ್ದರೆ ಹಿಂದಿ ಬಲ್ಲ ಒಬ್ಬ ಗೌರವ ಶಿಕ್ಷಕಿಗೆ ಹಾಕಿ.

ಹಳೆಯ ಅನುದಾನಿತ ಶಾಲೆ, ನಿವೃತ್ತರಾದವರ ಜಾಗ ಖಾಲಿ, ಆದರೆ ಹಳೆ ವಿದ್ಯಾರ್ಥಿಗಳ ಬಳಗ ದೊಡ್ಡದು: ದಾಖಲಾತಿ ದೊಡ್ಡದು, ಓದು ಸಣ್ಣದು. ಸಂಬಳದ ನಿಧಿ ಮೂರು ವರ್ಷಕ್ಕೆ ಆಗುವವರೆಗೆ ಇಂಗ್ಲಿಷ್ ಮಾಧ್ಯಮದ ಬ್ಯಾನರ್ ಹಾಕಬೇಡಿ.

ಇನ್ನೂರು ಮಕ್ಕಳ, ಟೀಚರು ಸಾಕಷ್ಟಿರುವ ಹಿರಿಯ ಪ್ರಾಥಮಿಕ ಶಾಲೆ: ಮೂರರಿಂದ ಐದಕ್ಕೆ ಓದು, ಆರು ಏಳಕ್ಕೆ ಗಣಿತ. ಬೇರೆ ಬೇರೆ ಟೀಚರು ನೋಡುವುದರಿಂದ ಇಲ್ಲಿ ಮಾತ್ರ ಎರಡನ್ನೂ ದೊಡ್ಡ ಗುರಿ ಎಂದು ಇಟ್ಟುಕೊಳ್ಳಬಹುದು.

ಆಯ್ಕೆ ಆದ ಮೇಲೆ ಗುರಿಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಈಗ ಎಷ್ಟಿದೆ, ಯಾವ ತಿಂಗಳಿಗೆ ಎಷ್ಟಾಗಬೇಕು, ಯಾರು ನೋಡುತ್ತಾರೆ, ಮೂರೂ ಅದರಲ್ಲಿರಲಿ. "ನಾಲ್ಕನೇ ತರಗತಿಯ 14 ಮಕ್ಕಳಲ್ಲಿ ಈಗ 5 ಮಂದಿ ಕಥೆ ಓದುತ್ತಾರೆ, ಜನವರಿ ಕೊನೆಗೆ 11 ಮಂದಿ ಓದಬೇಕು, ತರಗತಿ ಟೀಚರು ಮತ್ತು ಸಮಿತಿಯ ಒಬ್ಬ ತಾಯಿ ಒಟ್ಟಿಗೆ ಕೂತು ನೋಡುತ್ತಾರೆ" ಎಂಬಂತೆ. 14ಕ್ಕೆ 14 ಎಂದು ಬರೆಯುವ ಉಮೇದು ಬರುತ್ತದೆ, ಮೊದಲ ವರ್ಷ ತಡೆದುಕೊಳ್ಳಿ. ಮಕ್ಕಳ ಹೆಸರು ಹಾಕಿದ ಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ, ಸಂಖ್ಯೆ ಮಾತ್ರ ಸಾಕು.

ಮತ್ತೆ ಆ ತಾಯಂದಿರ ವಿಷಯ. ಬೀಡಿ ಕಟ್ಟುವವರು, ಗೇರುಬೀಜದ ಕಾರ್ಖಾನೆಗೆ ಹೋಗುವವರು, ಮೀನು ಮಾರುವವರು ಬೆಳಿಗ್ಗೆ ಹನ್ನೊಂದಕ್ಕೆ ಮೀಟಿಂಗ್ ಇಟ್ಟರೆ ಬರಲಾರರು. ಅರ್ಧ ದಿನದ ದುಡಿಮೆ ಹೋಗುತ್ತದೆ. ಯಾವ ಹೊತ್ತಿಗೆ ಆಗುತ್ತದೆ ಎಂದು ಅವರನ್ನೇ ಕೇಳಿ ಮೀಟಿಂಗ್ ಇಡಿ. ಜೂನ್ ಪರೀಕ್ಷೆಯ ಸಂಖ್ಯೆಯನ್ನು ಅವರಿಗೆ ತುಳುವಿನಲ್ಲೋ ಬ್ಯಾರಿಯಲ್ಲೋ ಓದಿ ಹೇಳಿ, ಆಮೇಲೆ ಗುರಿಗೆ ಸಹಿ ಹಾಕಿಸಿ.